ಒದೆ ತಿನ್ನುವ ಜಾಗ

ನಮ್ಮ ಕಡೆ ಬಂದೂಕು 'ಒದೀತೈತಿ' ಅನ್ನುತ್ತಾರೆ. ಗುಂಡು ಮುಂದಕ್ಕೆ ಹಾರುವುದು ಎಷ್ಟು ಖರೆಯೋ ಬಂದೂಕು ಹಿಂದಕ್ಕೆ ಒದೆಯುವುದೂ ಅಷ್ಟೇ ಖರೆ. ಆ ಒದೆ ಹೊಡೆದವನ ಹೆಗಲಿಗೆ ಬೀಳುತ್ತದೆಂಬುದು ಎಲ್ಲರಿಗೂ ಗೊತ್ತು. ಹೆಗಲಿಗಿಂತ ಮೊದಲು ಅದನ್ನು ತಿನ್ನುವ ಇನ್ನೊಂದು ಜಾಗ ಬಂದೂಕಿನ ಒಳಗೇ ಇದೆಯೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ಬಂದೂಕು ಇಟ್ಟುಕೊಂಡವರಿಗೂ ಗೊತ್ತಿಲ್ಲ, ಅದಕ್ಕೆ ಪರವಾನಗಿ ಕೊಡುವವರಿಗೂ ಗೊತ್ತಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಮೌಸರ್ ಮಾದರಿಯ ರೈಫಲ್ ಇದೆ. ಕಲಘಟಗಿಯ ಅಡವಿಯಂಚಿಗೆ ಹೊಲ ಇದ್ದವರ ಮನೆಯಲ್ಲಿ ಇಂಥದೊಂದು ಇರುವುದು ಆಗ ದೊಡ್ಡ ಮಾತಲ್ಲ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಬೇಟೆ ನಿಂತಿತು; ನಿಂತದ್ದು ಒಳ್ಳೆಯದೇ ಆಯಿತು. ರೈಫಲ್ ಮಾತ್ರ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು. ವರ್ಷಕ್ಕೆ ಒಂದೆರಡು ಸಲ ರೇಂಜಿಗೆ ಒಯ್ದು ಗುರಿ ಹೊಡೆಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ.

ಕೆಲವು ವರ್ಷಗಳ ಹಿಂದೆ ಅದರ ಕಟ್ಟಿಗೆಯಲ್ಲಿ, ಆಕ್ಷನ್ನಿನ ಹಿಂದಿನ ಬಾಲ ಕೂಡುವಲ್ಲಿ, ಕೂದಲೆಳೆಯಂಥ ಒಂದು ಸೀಳು ಕಂಡಿತು. ಒಬ್ಬರ ಹತ್ತಿರ ರಿಪೇರಿಗೆ ಕೊಟ್ಟೆ. ಅವರ ಹೆಸರು ಇಲ್ಲಿ ಬೇಡ. ಹದಿನೈದು ದಿನಕ್ಕೆ ರೈಫಲ್ ಮದುಮಗನ ಹಾಗೆ ಸಿಂಗಾರವಾಗಿ ಬಂತು. ಕಟ್ಟಿಗೆಗೆ ಪಾಲಿಶ್, ನಳಿಕೆಗೆ ಹೊಸ ಕಪ್ಪು ಬಣ್ಣ. ನಾನು ಖುಷಿಯಾಗಿ ಕೇಳಿದಷ್ಟು ಕೊಟ್ಟು ಬಂದೆ. ರೇಂಜಿನಲ್ಲಿ ನಾಲ್ಕನೆಯ ಗುಂಡಿಗೆ ಅದೇ ಸೀಳು ಬೆರಳುದ್ದ ಬಾಯಿ ಬಿಟ್ಟಿತು.

ಆಮೇಲೆ ಹುಬ್ಬಳ್ಳಿಯ ಹಳೆಯ ಪೇಟೆಯಲ್ಲಿ ಒಬ್ಬ ಮುದುಕ ಮಿಸ್ತ್ರಿಯ ಹತ್ತಿರ ಹೋದೆ. ಅವರ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಮಿಸ್ತ್ರಿ ಪಾಲಿಶ್ ಕಡೆ ತಿರುಗಿಯೂ ನೋಡಲಿಲ್ಲ. ಕೆಳಗಿನ ಎರಡು ಸ್ಕ್ರೂ ಬಿಚ್ಚಿ ಕಬ್ಬಿಣವನ್ನು ಕಟ್ಟಿಗೆಯಿಂದ ಎತ್ತಿದರು. ನಳಿಕೆ ಆಕ್ಷನ್ನಿಗೆ ಕೂಡುವ ಜಾಗದ ಅಡಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಉಕ್ಕಿನ ಗಟ್ಟಿ ಇಳಿಬಿದ್ದಿರುತ್ತದೆ. ಇಂಗ್ಲಿಷಿನವರು ಅದನ್ನು ರಿಕಾಯಿಲ್ ಲಗ್ ಅನ್ನುತ್ತಾರೆ. ಮಿಸ್ತ್ರಿ ಹಲ್ಲು ಅನ್ನುತ್ತಿದ್ದರು. ಅದು ಕಟ್ಟಿಗೆಯಲ್ಲಿ ಕೊರೆದ ಗುಳಿಯೊಳಗೆ ಕೂಡಬೇಕು. ಒದೆಯೆಲ್ಲ ಅದರ ಹಿಂದಿನ ಮುಖದಿಂದ ಕಟ್ಟಿಗೆಗೆ, ಕಟ್ಟಿಗೆಯಿಂದ ಹೆಗಲಿಗೆ ಹೋಗಬೇಕು. ಸ್ಕ್ರೂಗಳ ಕೆಲಸ ಕಬ್ಬಿಣವನ್ನು ಕಟ್ಟಿಗೆಗೆ ಹಿಡಿದಿಡುವುದು; ಒದೆ ತಿನ್ನುವುದು ಅವುಗಳ ಕೆಲಸವಲ್ಲ.

ನನ್ನ ರೈಫಲಿನ ಗುಳಿಯಲ್ಲಿ ಎಪಾಕ್ಸಿ ಅಂಟಿನ ಒಂದು ಮುದ್ದೆ ಇತ್ತು. ಒಳಗೆ ಗಾಳಿಗುಳ್ಳೆ. ಹಲ್ಲಿಗೂ ಅದಕ್ಕೂ ನಡುವೆ ಪೋಸ್ಟ್‌ಕಾರ್ಡು ತೂರುವಷ್ಟು ಸಂದು.

"ಮಾಸ್ತರ್ರ, ಹಲ್ಲು ಕುಂತಿಲ್ಲ, ತೇಲಾಕ ಹತ್ತೇತಿ" ಅಂದರು ಮಿಸ್ತ್ರಿ. "ಹಲ್ಲಿಗೆ ಬೀಳೋ ಒದಿ ಬಾಲಕ್ಕ ಬೀಳತೈತಿ. ಬಾಲ ಬೆಣೀ ಹಂಗ ಕಟಿಗಿ ಸೀಳತೈತಿ."

"ಹಂಗಾರ ಮೊದಲಿನ್ಯಾಂವ ಮಾಡಿದ್ದೇನು, ಚಾಚಾ?"

"ನೀವು ಏನು ನೋಡತೀರಿ ಅದನ್ನ ಮಾಡ್ಯಾನ."

ಆ ಮಾತು ನನಗೇ ತಗಲಿತು. ನಾನು ನೋಡಿದ್ದು ಹೊಳಪನ್ನು, ಕೊಟ್ಟದ್ದೂ ಹೊಳಪಿಗೇ.

ಮಿಸ್ತ್ರಿ ಅಂಟೆಲ್ಲ ಕೆತ್ತಿ ತೆಗೆದು, ಎಳೆ ನೋಡಿ, ಒಣಗಿದ ಬೀಟೆಯ ತುಂಡೊಂದನ್ನು ಒಳಗೆ ಕೂಡಿಸಿದರು. ಹಲ್ಲಿಗೆ ದೀಪದ ಮಸಿ ಸವರಿ ಗುಳಿಗೆ ಒತ್ತುವುದು, ಎತ್ತುವುದು, ಮಸಿ ಹತ್ತಿದ ಉಬ್ಬನ್ನಷ್ಟೇ ಉಳಿಯಿಂದ ಹೆರೆಯುವುದು. ಹೀಗೆ ಮೂರು ದಿನ. ಕೊನೆಗೆ ಹಲ್ಲಿನ ಹಿಂದಿನ ಮುಖದ ಮಸಿ ಪೂರ್ತಿ ಕಟ್ಟಿಗೆಗೆ ಹತ್ತಿತು. ಹಲ್ಲಿನ ಮುಂದೆ, ಅಕ್ಕಪಕ್ಕ, ಅಡಿಗೆ ಎಲ್ಲಿಯೂ ತಾಗಲಿಲ್ಲ. ಬಾಲದ ಹಿಂದೆ ಕಾಗದದಷ್ಟು ಸಂದು ಬಿಟ್ಟರು. ರೈಲ್ವೆಯ ಫಿಟ್ಟರು ನೀಲಿ ಸವರಿ ಬೇರಿಂಗ್ ಹೆರೆಯುವುದೂ ಇದೇ ವಿದ್ಯೆ.

ಅಂಟಿನ ಮೇಲೆ ನನಗೆ ಸಿಟ್ಟಿಲ್ಲ. ಇಂದು ಒಳ್ಳೊಳ್ಳೆಯ ರೈಫಲ್ ಕೆಲಸದವರು ಎಪಾಕ್ಸಿಯಲ್ಲೇ ಹಲ್ಲಿಗೆ ಹಾಸಿಗೆ ಹಾಕುತ್ತಾರೆ, ಅದು ಕಟ್ಟಿಗೆಗಿಂತ ಗಟ್ಟಿಯಾಗಿಯೂ ನಿಲ್ಲುತ್ತದೆ. ಆದರೆ ಅವರು ಎಲ್ಲಿ ತಾಗಬೇಕು, ಎಲ್ಲಿ ತಾಗಬಾರದು ಎಂಬುದನ್ನು ಮೊದಲು ನಿಕ್ಕಿ ಮಾಡಿಕೊಂಡು ಆಮೇಲೆ ಅಂಟು ಕಲೆಸುತ್ತಾರೆ. ನನ್ನ ಸಿಟ್ಟು ಸಡಿಲನ್ನು ಮುಚ್ಚಲಿಕ್ಕೆ ಹಾಕಿದ ಅಂಟಿನ ಮೇಲೆ. ರೆಮಿಂಗ್ಟನ್ 700ರಂಥ ರೈಫಲುಗಳಲ್ಲಿ ಈ ಹಲ್ಲು ಆಕ್ಷನ್ನಿನ ಭಾಗವಲ್ಲ. ನಳಿಕೆಗೂ ಆಕ್ಷನ್ನಿಗೂ ನಡುವೆ ಸಿಕ್ಕಿಸಿದ ಬೇರೆಯೇ ಪಟ್ಟಿ. ಅದನ್ನು ಪಿನ್ನಿನಿಂದ ಬಂಧಿಸಬೇಕೋ, ಅಂಟಿಸಬೇಕೋ, ಬೆಸೆಯಬೇಕೋ ಎಂದು ಬಲ್ಲವರು ವಾದ ಮಾಡುತ್ತಾರೆ. ಪಿನ್ನು ನಳಿಕೆ ಬಿಚ್ಚಿ ಮತ್ತೆ ತಿರುಗಿಸುವಾಗ ಪಟ್ಟಿ ಓರೆಯಾಗದಂತೆ ಜಾಗ ತೋರಿಸುತ್ತದೆ, ಅಷ್ಟೇ. ಅದನ್ನು ಬಿಗಿಯಾಗಿ ಹಿಡಿಯುವುದು ನಳಿಕೆಯ ಹೆಗಲು. ಪಟ್ಟಿಯ ಎರಡು ಮುಖ ಒಂದಕ್ಕೊಂದು ಸಮವಾಗಿಲ್ಲದಿದ್ದರೆ ಹತ್ತು ಪಿನ್ನು ಹೊಡೆದರೂ ಉಪಯೋಗವಿಲ್ಲ. ಬೆಸೆಯಲು ಹೋದರೆ ಹದ ಕೊಟ್ಟ ಉಕ್ಕಿನ ಹದವೇ ಕೆಟ್ಟೀತು.

ದೊಡ್ಡ ಕಾರ್ಖಾನೆಗಳು ಈ ಜಾಗದ ಬಗ್ಗೆ ನಾಚಿಕೆ ಪಟ್ಟಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಆಸ್ಟ್ರೇಲಿಯದ ಲಿಥ್ಗೋ ಕಾರ್ಖಾನೆಯವರು ತಮ್ಮ ನಾಡಿನ ಮೆತ್ತನೆಯ ಕಟ್ಟಿಗೆ ಬಳಸಬೇಕಾದಾಗ .303 ರೈಫಲಿನಲ್ಲಿ ಒದೆ ಬೀಳುವಲ್ಲಿ ತಾಮ್ರದ ತಗಡು ಕೂಡಿಸಿದರು. ನಮ್ಮ ಈಶಾಪುರದವರು ಮುಂದಿನ ಕಟ್ಟಿಗೆ ಸೀಳದಿರಲೆಂದು ಅಡ್ಡಡ್ಡ ಒಂದು ಸ್ಕ್ರೂ ಹಾಕಿದರು. ಅದು ಹೊರಗೇ ಕಾಣುತ್ತದೆ. ಕಟ್ಟಿಗೆ ಇಲ್ಲಿ ಸೋಲುತ್ತದೆ ಎಂದು ಒಪ್ಪಿಕೊಂಡ ಗುರುತು ಅದು.

ಈಗ ಸರಕಾರದ ಕಡೆ ಬರುತ್ತೇನೆ. 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳುವವನಿಗೂ ಪರವಾನಗಿ ಬೇಕು, ದಂಧೆಯಾಗಿ ರಿಪೇರಿ ಮಾಡುವವನಿಗೂ ಬೇಕು. ಇರಲಿ, ಬೇಕೇ ಬೇಕು. ಮೊದಲು ಮೂರು ವರ್ಷಕ್ಕೊಮ್ಮೆ ನವೀಕರಣ ಇತ್ತು, 2019ರ ತಿದ್ದುಪಡಿಯಿಂದ ಐದು ವರ್ಷ ಆಯಿತು. ನಾನು ಹೋದಾಗಲೆಲ್ಲ ನನ್ನ ನಡತೆ ವಿಚಾರಿಸಿದರು, ನಂಬರು ತಾಳೆ ನೋಡಿದರು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ರಸೀದಿ ತಂದೆ. ಆದರೆ ಒಮ್ಮೆಯೂ ಯಾರೂ ಆ ಎರಡು ಸ್ಕ್ರೂ ಬಿಚ್ಚಿ ನೋಡಲಿಲ್ಲ. ಸೀಳು ಬಿಟ್ಟ ರೈಫಲಿಗೂ ಠಸ್ಸೆ ಬಿತ್ತು. ಬಾಡಿಗೆ ಆಟೋರಿಕ್ಷಾಕ್ಕೆ ಫಿಟ್‌ನೆಸ್ ಸರ್ಟಿಫಿಕೇಟು ಕೇಳುವ ನಾಡಿನಲ್ಲಿ, ಮುಖದಿಂದ ಗೇಣು ದೂರದಲ್ಲಿ ಮದ್ದು ಸಿಡಿಯುವ ಯಂತ್ರಕ್ಕೆ ಅಂಥದು ಬೇಡವೇ?

ಈ ದೃಷ್ಟಿ ಇಂದಿನದಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ತಂದವರಿಗೆ ಬೇಕಾಗಿದ್ದದ್ದು ಆಯುಧ ಯಾರ ಕೈಯಲ್ಲಿದೆ ಎಂಬ ಲೆಕ್ಕ. ಹಲಗಲಿಯ ಬೇಡರು ಆಯುಧ ಕೊಡಲೊಲ್ಲದೆ ಎದ್ದದ್ದು ಆ ಕಾಯ್ದೆಯ ವಿರುದ್ಧ. ಅವರ ಲಾವಣಿಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಪರದೇಶದ ಸರಕಾರಕ್ಕೆ ನಮ್ಮ ಅಂಜಿಕೆ ಇತ್ತು, ನಮ್ಮ ಹೆಗಲು ಮುರಿದರೆ ಅದಕ್ಕೇನು ನಷ್ಟ? 1878ರ ಕಾಯ್ದೆ ಹೋಯಿತು, 1959ರದು ಬಂತು. ಬಂದೂಕನ್ನು ಹಿಡಿದವರು ಯಾರು ಎಂದು ಇಂದಿಗೂ ಕೇಳುತ್ತೇವೆ, ಬಂದೂಕನ್ನು ಒಳಗಿನಿಂದ ಹಿಡಿದಿರುವುದು ಏನು ಎಂದು ಕೇಳುವುದಿಲ್ಲ.

ಈ ಕಾಲದಲ್ಲಿ ಬಂದೂಕೇ ಯಾಕೆ ಬೇಕು, ಆ ಕಸಬು ಸತ್ತರೆ ಸಾಯಲಿ ಅನ್ನುವ ಗೆಳೆಯರಿದ್ದಾರೆ. ಬಂದೂಕು ಕಡಿಮೆಯಾದರೆ ನಾನೂ ಅಳುವವನಲ್ಲ. ಆದರೆ ಪರವಾನಗಿಯ ಬಂದೂಕುಗಳು ಮನೆಮನೆಯ ಕಪಾಟಿನಲ್ಲಿ ಇದ್ದೇ ಇವೆ. ಮಿಸ್ತ್ರಿ ಸತ್ತರೆ ಅವು ಸಾಯುವುದಿಲ್ಲ. ಅಂಟಿನ ಡಬ್ಬಿ ಹಿಡಿದವನ ಕೈಗೆ ಹೋಗುತ್ತವೆ. ನಾನು ಕೇಳುವುದು ಇಷ್ಟೇ: ನವೀಕರಣಕ್ಕೆ ಮೊದಲು ಬಲ್ಲ ರಿಪೇರಿಯವನೊಬ್ಬ ಬಿಚ್ಚಿ ನೋಡಿ ಸಹಿ ಹಾಕಲಿ. ರಿಪೇರಿಯ ಪರವಾನಗಿ ಕೊಡುವಾಗ ಅವನ ನಡತೆಯ ಸಂಗಡ ಅವನ ಕೈಯನ್ನೂ ಪರೀಕ್ಷೆ ಮಾಡಲಿ. ಐಟಿಐಯಲ್ಲಿ ಫಿಟ್ಟರ್ ಕಲಿತ ಹುಡುಗನಿಗೆ ಈ ಮಸಿಯ ವಿದ್ಯೆ ಹೊಸದಾಗಲಾರದು.

ನಮ್ಮ ಮಿಸ್ತ್ರಿಯ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ. ಅವನನ್ನು ತಪ್ಪೆನ್ನಲಾರೆ. ಮೂರು ದಿನದ ಕೆಲಸಕ್ಕೆ ಮಿಸ್ತ್ರಿ ಕೇಳಿದ್ದು ಮೊದಲಿನವನು ಪಾಲಿಶಿಗೆ ತೆಗೆದುಕೊಂಡದ್ದಕ್ಕಿಂತ ಕಡಿಮೆ. ಹೆಚ್ಚು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. "ಮುಂದಿನ ಸಲ ಬಂದಾಗ ಮೊದಲ ಒಳಗ ನೋಡ್ರಿ, ಮಾಸ್ತರ್ರ" ಅಂದರು. ಹಳೆಯ ಸೀಳನ್ನು ಅವರು ಕೂಡಿಸಿದ್ದರು, ಆದರೆ ಮುಚ್ಚಿರಲಿಲ್ಲ. ಬೆರಳಾಡಿಸಿದರೆ ಇಂದಿಗೂ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಒಂದು ಕೂದಲಿನಷ್ಟೂ ಹೋಗಿಲ್ಲ.