ಎಪ್ಸಿಲಾನೂ ಹಾಜರಿ ಪುಸ್ತಕವೂ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಿಂದ ಗಣಿತದ ತರಗತಿಗೆ ಬರುವ ವಿದ್ಯಾರ್ಥಿಯು, ಕಲನಶಾಸ್ತ್ರದ ಲೆಕ್ಕಗಳನ್ನು ಸೂತ್ರಬಲದಿಂದ ಲೀಲಾಜಾಲವಾಗಿ ಬಿಡಿಸಬಲ್ಲವನಾಗಿದ್ದರೂ, ‘ರಿಯಲ್ ಅನಾಲಿಸಿಸ್’ ಎಂಬ ವಿಷಯದ ಹೊಸ್ತಿಲಲ್ಲಿ ಎಡವುವುದು ಅಪರೂಪವೇನಲ್ಲ. 0.999 ಎಂದು ಒಂಬತ್ತುಗಳ ಸಾಲನ್ನು ಕೊನೆಯಿಲ್ಲದೆ ಎಳೆದರೂ ಒಂದಕ್ಕೆ ಕೂದಲೆಳೆಯಷ್ಟು ಕೊರತೆ ಉಳಿದೇ ತೀರುವುದೆಂದು ವಾದಿಸುವ ಹುಡುಗನ ಕೈಗೆ ಅಧ್ಯಾಪಕರು ಸೀಮೆಸುಣ್ಣವನ್ನಿತ್ತು, ಆ ಕೊರತೆ ಎಷ್ಟೆಂದು ಬರೆಯಹೇಳಿದರೆ, ಅವನು ಬರೆದ ಧನಸಂಖ್ಯೆ ಎಷ್ಟೇ ಕಿರಿದಾಗಿರಲಿ, ಇನ್ನಷ್ಟು ಒಂಬತ್ತುಗಳು ಸೇರಿದೊಡನೆ ಕೊರತೆಯು ಅದಕ್ಕಿಂತಲೂ ಕಿರಿದಾಗುವುದನ್ನು ಅವನೇ ಕಾಣುವನು. 1821ರ ತನ್ನ ಗ್ರಂಥದಲ್ಲಿ ಗಣಿತಜ್ಞ ಕೋಶಿಯು ಆರಂಭಿಸಿ, ಮುಂದೆ ವೈಯರ್‌ಸ್ಟ್ರಾಸನು ಎಪ್ಸಿಲಾನ್-ಡೆಲ್ಟಾ ಎಂಬ ಕಿರು ಧನಸಂಖ್ಯೆಗಳಿಂದ ಬಿಗಿಗೊಳಿಸಿದ ಈ ನಿಷ್ಠುರ ತರ್ಕವು ಪರೀಕ್ಷೆಯ ಹಿಂದಿನ ರಾತ್ರಿ ತೆರೆದ ಗೈಡಿನಿಂದ ದಕ್ಕುವಂಥದಲ್ಲ.

ಆದಕಾರಣ ಶೇಕಡ 75ರ ಹಾಜರಿಯ ನಿಯಮವನ್ನು ನಾವು ಆಕ್ಷೇಪಿಸೆವು. ಬೀರೂರಿನಲ್ಲಿ ರೈಲು ತಡೆದು ಅರ್ಧಗಂಟೆ ತಡವಾಗಿ ಬಂದವಳಿಗೆ ಬಾಗಿಲು ಮುಚ್ಚುವುದು ಮಾತ್ರ ಅತಿರೇಕ. ಮನೆಗೆ ಕೊಟ್ಟ ಸಾಧನೆಗಳನ್ನು (ಪ್ರೂಫ್‌ಗಳನ್ನು) ಗೆಳೆಯರೊಡನೆ ಚರ್ಚಿಸಲಿ, ಬರೆಯುವಾಗ ಒಬ್ಬೊಬ್ಬರೇ ಬರೆಯಲಿ. ಅರ್ಧಕ್ಕೆ ನಿಂತ ಸಾಧನೆಗೂ, ದಾರಿ ಸರಿಯಿದ್ದಲ್ಲಿ, ಅಂಕ ಸಲ್ಲಲಿ. ಈ ತರ್ಕದ ತಿರುಳಾದ ‘ಪ್ರತಿಯೊಂದಕ್ಕೂ’, ‘ಯಾವುದಾದರೊಂದು’ ಎಂಬೆರಡು ಪದಗಳ ಅಂತರವನ್ನು, ಇಂಗ್ಲಿಷಿಗೆ ಮುನ್ನ, ಕನ್ನಡದಲ್ಲಿ ಒಮ್ಮೆ ಬಿಡಿಸಿ ಹೇಳುವ ಔದಾರ್ಯವನ್ನೂ ಅಧ್ಯಾಪಕವರ್ಗದಿಂದ ನಿರೀಕ್ಷಿಸುತ್ತೇವೆ.