ಇಬ್ಬರು ಹಾಡಿದರೆ ಯುಗಳವೆ?

ಹಳೆಯ ಹಾಡನ್ನು ಹೊಸಬರು ಹಾಡಬಾರದೆನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ, ಕನ್ನಡ ಮೇಷ್ಟರು ಬಾಯಿ ತೆರೆದರೆಂದರೆ 'ನಮ್ಮ ಕಾಲದ ಹಾಗೆ ಈಗೆಲ್ಲಿ' ಎಂಬ ಪಲ್ಲವಿಯೇ ಬರುತ್ತದೆಂದು ಭಾವಿಸಿ ಓದುಗರು ಪುಟ ತಿರುವಿಯಾರು. ಹಾಡು ಬದುಕುವುದೇ ಬಾಯಿಂದ ಬಾಯಿಗೆ ದಾಟುತ್ತ. ಶಿಶುನಾಳ ಶರೀಫರು (1819–1889) ಕಟ್ಟಿದ ಪದಗಳು ಭಜನೆಯ ಮೇಳಗಳಲ್ಲಿ ಉಳಿದುಬಂದವು; ಸಿ. ಅಶ್ವತ್ಥರ ಕಂಠದಲ್ಲಿ ನಗರದ ಮನೆಗಳಿಗೆ ಬಂದಿಳಿದವು. 2008ರಲ್ಲಿ ರಘು ದೀಕ್ಷಿತರ ಮೊದಲ ಆಲ್ಬಮಿನಲ್ಲಿ ಗುಡುಗುಡಿಯ ಪದವು ಗಿಟಾರಿನೊಡನೆ ಕುಣಿಯಿತು. ಅದರಿಂದ ಶರೀಫರಿಗೆ ಯಾವ ಲೋಪವೂ ಆಗಲಿಲ್ಲ. ಹಾಡುವವರು ಬದಲಾದರು, ವಾದ್ಯ ಬದಲಾಯಿತು. ಗುಡುಗುಡಿಯ ನೆಪದಲ್ಲಿ ಒಳಗಿನ ಮಾತಾಡುವ ಆ ಅನುಭಾವಿ ಮಾತ್ರ ಇದ್ದಂತೆಯೇ ಇದ್ದ.

ನನ್ನ ತಕರಾರು ಈಚೆಗೆ ಬಲಿತಿರುವ ಇನ್ನೊಂದು ಪದ್ಧತಿಯ ಮೇಲೆ. ಜನರ ಬಾಯಲ್ಲಿ ನೆಲೆನಿಂತ ಹತ್ತು ಹನ್ನೆರಡು ಭಾವಗೀತೆಗಳನ್ನೋ ಜನಪದ ಗೀತೆಗಳನ್ನೋ ಆರಿಸುವುದು. ಹೆಸರಾದ ಗಾಯಕರೊಬ್ಬರ ಪಕ್ಕದಲ್ಲಿ ಹಾಡಿಗೊಬ್ಬರಂತೆ 'ಅತಿಥಿ ಗಾಯಕ'ರನ್ನು ನಿಲ್ಲಿಸುವುದು. ಆಮೇಲೆ ಅದಕ್ಕೆ 'ಯುಗಳ' ಎಂದು ನಾಮಕರಣ ಮಾಡುವುದು. ನವೆಂಬರಿನಲ್ಲಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಬೀದಿಯ ರಾಜ್ಯೋತ್ಸವದ ಪೆಂಡಾಲಿನ ಮುಂದೆ ನಿಂತರೂ ಇದರ ಮಾದರಿ ಸಿಕ್ಕುತ್ತದೆ. ಪಾಲು ಹಂಚುವ ಕ್ರಮವೂ ಸರಳ: ಮೊದಲ ಚರಣ ಅವರಿಗೆ, ಎರಡನೆಯದು ಇವರಿಗೆ, ಪಲ್ಲವಿ ಇಬ್ಬರಿಗೂ, ಮೂರನೆಯ ಚರಣಕ್ಕೆ ಅರ್ಧಚಂದ್ರ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ನಡುಮನೆಯಲ್ಲಿ ಗೋಡೆ ಎಬ್ಬಿಸಿದಂತೆ. ಆ ನಡುಮನೆಯಲ್ಲಿ ಯಾರು ಕುಳಿತು ಏನು ಮಾತಾಡುತ್ತಿದ್ದರೆಂದು ಯಾರೂ ಕೇಳುವುದಿಲ್ಲ.

ಕೇಳಬೇಕಾದದ್ದು ಅದೇ. ಪದ್ಯವೆಂದರೆ ಯಾರೋ ಒಬ್ಬರ ಮಾತು. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯನ್ನೇ ನೋಡಿ. ಅದು ಬಂದದ್ದು 1942ರಲ್ಲಿ. ಅದರಲ್ಲಿ ಗಂಡ ಆಡುವ ಪದ್ಯಗಳಿವೆ. ತವರಿಗೆ ಹೋದ ಹೆಂಡತಿ ಗಂಡನಿಗೆ ಹೇಳಿಕೊಳ್ಳುವ ಪದ್ಯವಿದೆ. ದೂರ ನಿಂತು ನೋಡುವವರು ಕತೆಯಂತೆ ಹೇಳುವ ಪದ್ಯವೂ ಇದೆ. ಗಂಡ ಕೇಳಿ ಹೆಂಡತಿ ಉತ್ತರಿಸುವ ಕಡೆ ಎರಡು ಕಂಠ ಬಂದರೆ ಸೊಗಸು. ಅಲ್ಲಿ ಅತಿಥಿಗೆ ಮಣೆ ಹಾಕೋಣ. ತವರಿನಿಂದ ಹೆಂಡತಿಯೊಬ್ಬಳೇ ಆಡುವ ಮಾತಿನ ಅರ್ಧವನ್ನು ಗಾಯಕ ಮಹಾಶಯರಿಗೆ ಹಂಚಿಕೊಟ್ಟರೆ ಏನಾದೀತು? ಗಂಡನೂ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೋದಂತಾಯಿತು. ವಿರಹ ಯಾರಿಗೆ, ಸಮಾಧಾನ ಯಾರಿಗೆ?

ಗಂಡಸು ಹೆಂಗಸಿನ ಮಾತನ್ನು ಹಾಡಬಾರದೆ ಎಂದು ಕೆಲವರು ಕೇಳಬಹುದು. ಧಾರಾಳವಾಗಿ ಹಾಡಲಿ. ಅಕ್ಕಮಹಾದೇವಿಯ ವಚನವನ್ನು ಮಲ್ಲಿಕಾರ್ಜುನ ಮನಸೂರರು ಹಾಡಿದಾಗ ಕೇಳಿದವರಿಗೆ ಕಂಡದ್ದು ಅಕ್ಕನೇ. ಅಲ್ಲಿ ಒಂದು ಕಂಠವು ಒಂದು ಮನಸ್ಸನ್ನು ಪೂರ್ತಿಯಾಗಿ ಹೊತ್ತಿತ್ತು. ನನ್ನ ಜಗಳ ಗಂಡು ಹೆಣ್ಣಿನ ಕಂಠಭೇದದ್ದಲ್ಲ, ಇಡಿಯಾದ ಮನಸ್ಸನ್ನು ಹೋಳು ಮಾಡುವುದರದ್ದು.

ಇಬ್ಬರು ಕೂಡಿ ಹಾಡುವುದು ನಮಗೇನೂ ಹೊಸತಲ್ಲ. ಬೀಸುವ ಕಲ್ಲಿನ ಗೂಟ ಹಿಡಿದು ಎದುರುಬದುರಾಗಿ ಕುಳಿತ ಇಬ್ಬರು ಹೆಂಗಸರು ಹಾಡುತ್ತಿದ್ದರು. ಸೋಬಾನೆಯಲ್ಲಿ ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿಯುತ್ತಾರೆ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಗಂಡು ಹೆಚ್ಚೆಂದು ಹರದೇಶಿಯವರು ಸವಾಲು ಹಾಕಿದರೆ ಹೆಣ್ಣು ಹೆಚ್ಚೆಂದು ನಾಗೇಶಿಯವರು ಜವಾಬು ಕೊಡುತ್ತಾರೆ. ಅಲ್ಲಿ ಎರಡನೆಯ ದನಿ ಬರುವುದು ಅದಕ್ಕೆ ಹೇಳಬೇಕಾದದ್ದು ಇರುವುದರಿಂದ. ಪಿ. ಕಾಳಿಂಗರಾಯರು (1914–1981) ಸೋಹನ್ ಕುಮಾರಿ, ಮೋಹನ್ ಕುಮಾರಿಯರ ಜೊತೆ ಹಾಡಿದಾಗಲೂ ಆ ದನಿಗಳು ಹಾಡಿಗೆ ಒತ್ತಾಸೆಯಾಗಿದ್ದವು. ಅತಿಥಿಗಳಾಗಿ ಬಂದು ಎಲೆ ಹಾಕಿಸಿಕೊಂಡು ಉಂಡು ಹೋದವಲ್ಲ.

ಈ ಗೀಳು ನಮ್ಮದೊಂದೇ ಅಲ್ಲ. ಅಮೆರಿಕದವರಿಗೆ 'ಕಂಟ್ರಿ' ಎಂಬ ತಮ್ಮದೇ ನಾಡಹಾಡಿನ ಸಂಪ್ರದಾಯವಿದೆ. ಅದರಲ್ಲಿ ಜಾರ್ಜ್ ಜೋನ್ಸ್, ಟ್ಯಾಮಿ ವೈನೆಟ್ ಎಂಬ ದಂಪತಿಗಳು ಹೆಸರಾದ ಜೋಡಿ. 1969ರಲ್ಲಿ ಮದುವೆಯಾಗಿ 1975ರಲ್ಲಿ ವಿಚ್ಛೇದನ ಪಡೆದ ಇವರು, ಮರುವರ್ಷವೇ ಗಂಡಹೆಂಡಿರ ಉಂಗುರವೊಂದರ ಕತೆಯನ್ನು ಕೂಡಿ ಹಾಡಿ ಕೇಳಿದವರ ಕರುಳು ಹಿಂಡಿದರು. ಯುಗಳವೆಂದರೆ ಅದು! ಅದೇ ದೇಶದ ಲಯೋನೆಲ್ ರಿಚಿ ಎಂಬ ಖ್ಯಾತ ಗಾಯಕರು 2012ರಲ್ಲಿ ತಮ್ಮ ಹುಟ್ಟೂರಾದ ಟಸ್ಕೀಗೀಯ ಹೆಸರಿನಲ್ಲಿ ಆಲ್ಬಮೊಂದನ್ನು ತಂದರು. ತಮ್ಮ ಹಳೆಯ ಜನಪ್ರಿಯ ಹಾಡುಗಳನ್ನೇ ಕಂಟ್ರಿ ಗಾಯಕರೊಡನೆ ಮತ್ತೆ ಹಾಡಿದರು. ಅದು ಅಲ್ಲಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 'ಹಲೋ' ಎಂಬ ಹಾಡೂ ಅದರಲ್ಲಿದೆ. ಮನಸ್ಸಿನಲ್ಲಿರುವುದನ್ನು ಆಕೆಗೆ ಹೇಳಲಾರದೆ ಒಬ್ಬನೇ ತೊಳಲುವವನ ಹಾಡು ಅದು. ಈಗ ಜೆನಿಫರ್ ನೆಟಲ್ಸ್ ಎಂಬಾಕೆ ಪಕ್ಕದಲ್ಲೇ ನಿಂತು ಅದೇ ಮಾತನ್ನು ತಾನೂ ಹಾಡುತ್ತಾಳೆ! ಆಕೆಯ ಕಂಠ ಇಂಪಾದದ್ದು. ಆದರೆ ಅವಳೂ ಅದನ್ನೇ ಹೇಳಿದ ಮೇಲೆ ಅವನಿಗೆ ಅಳುವ ಕಾರಣವೇನು ಉಳಿಯಿತು? ಮಾರಾಟ ಗೆದ್ದಿತು, ಹಾಡು ಸೋತಿತು ಎಂದೇ ನನ್ನ ಎಣಿಕೆ.

ಚರಣ ಬಿಡುವ ಮಾತಿಗೆ ಬರೋಣ. ಹಿಂದಿನವರೂ ಬಿಟ್ಟಿದ್ದಾರೆಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ನಿಜ, 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದೇ ಸುಮಾರು 3 ನಿಮಿಷದ ಹಾಡು. ಅವರಿಗೆ ಬೇರೆ ದಾರಿಯಿರಲಿಲ್ಲ. ಇಂದು ಮೊಬೈಲಿನಲ್ಲಿ ಬರುವ ಹಾಡಿಗೆ ಅಂಥ ಕಟ್ಟು ಎಲ್ಲಿದೆ? ಅತಿಥಿಯ ಆಲಾಪಕ್ಕೆ, ಮಧ್ಯದ ಗಿಟಾರಿನ ಓಟಕ್ಕೆ ನಿಮಿಷಗಟ್ಟಲೆ ಜಾಗವಿದೆ; ಕವಿಯ ಮೂರನೆಯ ಚರಣಕ್ಕೆ ಮಾತ್ರ ಜಾಗವಿಲ್ಲ.

ಇದು ಮೇಷ್ಟರ ಗೊಣಗಾಟವೆಂದು ನಗುವವರು ನನ್ನ ತರಗತಿಗೆ ಬಂದು ನೋಡಬೇಕು. ಬಸವೇಶ್ವರನಗರ, ವಿಜಯನಗರಗಳಿಂದ ಬರುವ ಮಕ್ಕಳು ಅನೇಕರು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು. ಬುದ್ಧಿವಂತರು, ಸುಸ್ವರದಲ್ಲಿ ಹಾಡಬಲ್ಲವರು. ಕವನಸಂಕಲನವನ್ನು ಕೈಯಲ್ಲಿ ಹಿಡಿದವರು ವಿರಳ. ಅವರ ಪಾಲಿಗೆ ಕನ್ನಡ ಕಾವ್ಯದ ಮನೆಗೆ ಇರುವ ಬಾಗಿಲು ಹಾಡೊಂದೇ. 'ಈ ಪದ್ಯ ಯಾರದು?' ಎಂದರೆ ಗಾಯಕರ ಹೆಸರು ಬರುತ್ತದೆ, 'ಎಷ್ಟು ಚರಣ?' ಎಂದರೆ 'ಎರಡು'. ಮಕ್ಕಳನ್ನು ದೂರಲಾರೆ. ಅವರಿಗೆ ಕೊಟ್ಟದ್ದೇ ಅಷ್ಟು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ'ದ ಕ್ಯಾಸೆಟ್ಟು ಬಂದಾಗ, ಪುಸ್ತಕವಿಲ್ಲದ ಮನೆಗೂ ಕವಿಯ ಪ್ರವೇಶವಾಯಿತು. ಇಂದಿನ 'ಯುಗಳ'ವು ಅದೇ ಬಾಗಿಲಲ್ಲಿ ಕವಿಯನ್ನು ಹೊರಗೆ ನಿಲ್ಲಿಸಿ ಅತಿಥಿಯನ್ನು ಒಳಗೆ ಕರೆಯುತ್ತಿದೆ.

ಕಾನೂನೂ ಈ ವಿಷಯದಲ್ಲಿ ಸುಮ್ಮನಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯು ಮರುಗಾಯನಕ್ಕೆಂದೇ 31ಸಿ ಎಂಬ ಕಲಮನ್ನು ಸೇರಿಸಿತು. ಅದರ ಆಶ್ರಯದಲ್ಲಿ ಹಾಡುವವರು ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದ ಮೇಲೆ 5 ವರ್ಷ ಕಾಯಬೇಕು, ಹಕ್ಕುದಾರರಿಗೆ ಮುಂಚೆಯೇ ತಿಳಿಸಿ ಗೌರವಧನ ಸಲ್ಲಿಸಬೇಕು, ಮರುಗಾಯನವೆಂದು ಹೊದಿಕೆಯ ಮೇಲೆ ನಮೂದಿಸಬೇಕು. ತಾಂತ್ರಿಕವಾಗಿ ಅಗತ್ಯವಿಲ್ಲದ ಹೊಸ ಮಾರ್ಪಾಟನ್ನು ಸಾಹಿತ್ಯದಲ್ಲಾಗಲಿ ಸಂಗೀತದಲ್ಲಾಗಲಿ ಮಾಡಕೂಡದು. ಕೃತಿಯ ಹಕ್ಕು ಕವಿಯ ನಿಧನಾನಂತರ 60 ವರ್ಷ ಉಳಿಯುತ್ತದೆ: 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಪದ್ಯಗಳಿಗೆ 2041ರ ಕೊನೆಯವರೆಗೆ, 2003ರಲ್ಲಿ ತೀರಿಕೊಂಡ ನರಸಿಂಹಸ್ವಾಮಿಯವರವಕ್ಕೆ 2063ರ ಕೊನೆಯವರೆಗೆ. ಶರೀಫರ ಪದಗಳಿಗೂ ಗರತಿಯ ಹಾಡಿಗೂ ಇಂಥ ಕಾವಲಿಲ್ಲ. ಕಾವಲಿಲ್ಲದ ತೋಟಕ್ಕೆ ನುಗ್ಗುವವರು ಕಾಯಿದೆ ಇಲ್ಲದಿದ್ದರೂ ಮರ್ಯಾದೆ ಇದೆಯೆಂಬುದನ್ನು ನೆನೆಯಬೇಡವೆ?

ಆದ್ದರಿಂದ ಆಲ್ಬಮು ಹೊರಡಿಸುವ ಮಹನೀಯರಲ್ಲಿ ನನ್ನ ಬೇಡಿಕೆ ಮೂರೇ. ಗಾಯಕರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಕವಿಯ ಹೆಸರಿರಲಿ. ಜನಪದವಾದರೆ ಎಲ್ಲಿಂದ, ಯಾರ ಸಂಗ್ರಹದಿಂದ ಬಂದದ್ದೆಂದು ತಿಳಿಸಿ. ಚರಣಗಳನ್ನು ಪೂರ್ತಿ ಹಾಡಿ. ಬಿಡಲೇಬೇಕಾದರೆ ಬಿಟ್ಟಿದ್ದೇವೆಂದು ಹೇಳಿ. ಇಬ್ಬರಿಗೆ ಹಂಚುವ ಮೊದಲು ಆ ಪದ್ಯವನ್ನು ಒಮ್ಮೆ ಗಟ್ಟಿಯಾಗಿ ಓದಿ, ಮಾತಾಡುತ್ತಿರುವವರು ಯಾರು, ಕೇಳುತ್ತಿರುವವರು ಯಾರು ಎಂದು ನೋಡಿ. ಈ ಓದಿಗೆ ಬೇಕಾಗುವುದು 5 ನಿಮಿಷ. ಅಷ್ಟನ್ನು ಕೊಡಲಾರದವರು ಹಳೆಯ ಹಾಡಿನ ತಂಟೆಗೆ ಬರದೆ, ತಮ್ಮ ಅತಿಥಿಗಳಿಗಾಗಿ ಹೊಸ ಹಾಡನ್ನೇ ಬರೆಸಿಕೊಳ್ಳಲಿ. ಕನ್ನಡದಲ್ಲಿ ಕವಿಗಳಿಗೇನೂ ಬರವಿಲ್ಲ.