ಅರದ ಮೊನೆಯಲ್ಲಿ ಅಶ್ವಶಕ್ತಿ

ಹುಚ್ಚುಗಳಲ್ಲಿ ಹಲವು ಬಗೆಯುಂಟು. ಅಂಚೆಚೀಟಿ ಕೂಡಿಡುವವರಿದ್ದಾರೆ, ಪಾರಿವಾಳ ಸಾಕುವವರಿದ್ದಾರೆ. ಎರಡು ಸ್ಟ್ರೋಕಿನ ಹಳೆಯ ಮೋಟಾರ್ ಸೈಕಲ್ಲಿಗೆ ಮನಸೋತವರದು ಇವೆಲ್ಲಕ್ಕಿಂತ ಸದ್ದಿನ ಹುಚ್ಚು. ಯಲಹಂಕದ ಮಗ್ಗುಲಿನ ಅಟ್ಟೂರಿನಂತಹ ಬಡಾವಣೆಯಲ್ಲಿ ಭಾನುವಾರ ಬೆಳಗ್ಗೆ ಅಂತಹ ಗಾಡಿಯೊಂದು ಹೊರಟಿತೆಂದರೆ ಬೀದಿಯವರು ಕಿಟಕಿಯತ್ತ ನೋಡದೆ ವಿಧಿಯಿಲ್ಲ. ಎಣ್ಣೆಹೊಗೆಯ ವಾಸನೆ ಅಡಿಗೆಮನೆಯವರೆಗೂ ಬರುತ್ತದೆ. ಗೃಹಿಣಿಯರು ಗೊಣಗಿದರೆ ಅದು ಅನ್ಯಾಯವೆನ್ನುವಂತಿಲ್ಲ.

ಈ ಹುಚ್ಚು ಹಿಡಿಯುವುದು ಬಹುಮಟ್ಟಿಗೆ ಮನೆಯಲ್ಲಿಯೇ. ಕನ್ನಡ ನಾಡಿನಲ್ಲಿ ಅದಕ್ಕೆ ವಿಶೇಷ ಕಾರಣವೂ ಇದೆ. ಜೆಕೊಸ್ಲೊವಾಕಿಯದ ಜಾವಾ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸತೊಡಗಿತು; 1973ರಿಂದ ಅದೇ ವಂಶದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರಾಯಿತು; 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಎಷ್ಟೋ ಸಂಸಾರಗಳು ಮಡದಿಯನ್ನು ಹಿಂದೆ, ಮಗನನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಮದುವೆಮನೆಗಳಿಗೆ ಹೋಗಿಬಂದಿದ್ದವು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಏಕೆ? ಒದ್ದು ಚಾಲೂ ಮಾಡುವ ಕೋಲೇ ಮಡಚಿದೊಡನೆ ಗೇರಿನ ಕೋಲಾಗುವುದು ಹೇಗೆ? ಟ್ಯಾಂಕಿನ ಮೇಲಿನ ಹುಡುಗನಿಗೆ ಹುಟ್ಟಿದ ಈ ಪ್ರಶ್ನೆಗಳೇ ಮುಂದೆ ಅವನ ಕೈಗೆ ಸ್ಪ್ಯಾನರ್ ಕೊಟ್ಟವು.

ಅನಂತರದ ತಲೆಮಾರನ್ನು ಸೆಳೆದದ್ದು 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100. ಕೇವಲ 98 ಸಿ.ಸಿ.ಯ ಯಂತ್ರ, 11 ಅಶ್ವಶಕ್ತಿ. ಕಾಲೇಜು ಹುಡುಗರಿಗೆ ಇನ್ನೇನು ಬೇಕು! ಹೊಗೆಯ ಕಟ್ಟುಪಾಡುಗಳು ಬಿಗಿಯಾದಂತೆ ಇಂತಹ ಗಾಡಿಗಳ ಕಾಲವೂ ಮುಗಿಯಿತು.

ಓಡಿಸುವವನು ತಿದ್ದುವವನಾಗುವುದಕ್ಕೆ ಯಂತ್ರದ ಸರಳತೆಯೇ ಕಾರಣ. ಅದರ ತಲೆಯಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೆಲವು ಕಿಂಡಿಗಳಿವೆ, ಪಿಸ್ಟನ್ನೇ ಏರಿಳಿಯುತ್ತ ಅವುಗಳನ್ನು ತೆರೆದು ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯ ಮೇಲಂಚನ್ನು ಅರದಿಂದ ತುಸು ಉಜ್ಜಿದರೆ ಅದು ಬೇಗನೆ ತೆರೆಯುತ್ತದೆ. ಹೆಚ್ಚಿನ ವೇಗದಲ್ಲಿ ಬಲ ಬರುತ್ತದೆ, ನಿಧಾನವಾಗಿ ಹೋಗುವಾಗಿನ ಎಳೆತ ಕುಗ್ಗುತ್ತದೆ. ಒಂದು ಕೂದಲೆಳೆ ಹೆಚ್ಚು ಉಜ್ಜಿದರೆ ಲೋಹವನ್ನು ಮರಳಿ ಅಂಟಿಸುವಂತಿಲ್ಲ. ಎಣ್ಣೆ ಕಡಿಮೆಯಾಗಿಯೋ ಪೆಟ್ರೋಲ್ ಸಾಲದೆಯೋ ಯಂತ್ರ ಅತಿಯಾಗಿ ಕಾದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಹಿಂದಿನ ಚಕ್ರ ಓಡುತ್ತಿದ್ದಂತೆಯೇ ನಿಂತುಬಿಡುವುದುಂಟು. ಮಗ ಗ್ಯಾರೇಜಿನಲ್ಲಿ ಕುಳಿತಿದ್ದಾನೆಂದು ತಾಯಿ ಚಿಂತಿಸಿದರೆ ಅದು ಬರಿಯ ಭ್ರಮೆಯಲ್ಲ.

ಈ ವಿದ್ಯೆಯ ದೊಡ್ಡ ಗುರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಎಂ.ಜೆಡ್. ಕಾರ್ಖಾನೆಯಲ್ಲಿ ಆತ ಹೊಗೆಕೊಳವೆಯನ್ನು ನಡುವೆ ಉಬ್ಬಿಸಿ ತುದಿಯಲ್ಲಿ ಕಿರಿದಾಗಿಸಿದ. ಹೊರಹೋದ ಒತ್ತಡದ ಅಲೆ ಅಲ್ಲಿ ತಾಗಿ ಹಿಂದಿರುಗಿ, ಸೋರಿಹೋಗಲಿದ್ದ ಹೊಸ ಇಂಧನವನ್ನು ಸಿಲಿಂಡರಿಗೇ ಮರಳಿ ತಳ್ಳುತ್ತಿತ್ತು. 1961ರಲ್ಲಿ ಅವನ 125 ಸಿ.ಸಿ. ಯಂತ್ರ 25 ಅಶ್ವಶಕ್ತಿ ಕೊಟ್ಟಿತು. ಅದೇ ವರ್ಷ ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ಸಮಯದಲ್ಲಿ ತಪ್ಪಿಸಿಕೊಂಡು ಗುಟ್ಟಿನೊಡನೆ ಜಪಾನಿನ ಸುಜುಕಿಯನ್ನು ಸೇರಿದ. 1962ರಲ್ಲಿ ಸುಜುಕಿಯ ಮೇಲೆ 50 ಸಿ.ಸಿ. ವಿಶ್ವ ಪದವಿಯನ್ನು ಗೆದ್ದ. ಗುರುವಿಗೆ ದಕ್ಕಿದ್ದು ಗೌರವ ಮಾತ್ರ.

ಇಂದು ತಂದೆಯ ಜಾವಾ ಕೈಗೆ ಬಂದವನಿಗೆ ಇಕ್ಕಟ್ಟು ಬೇರೆ. 2018ರಲ್ಲಿ ಮರಳಿ ಬಂದ ಜಾವಾದ ಯಂತ್ರ ನಾಲ್ಕು ಸ್ಟ್ರೋಕಿನದು. ಹಳೆಯ ಮೈಸೂರು ಸಿಲಿಂಡರ್ ಹೊಸದಾಗಿ ಎರಕವಾಗುವುದಿಲ್ಲ. ಅದನ್ನು ಉಜ್ಜಿ ವೇಗ ಪಡೆಯಬೇಕೋ, ತಂದೆ ಓಡಿಸಿದ ಸದ್ದನ್ನೇ ಉಳಿಸಬೇಕೋ? ಬಲ್ಲ ಮೇಸ್ತ್ರಿಗಳು ಗುಜರಿಯಿಂದ ಇನ್ನೊಂದು ಸಿಲಿಂಡರ್ ತರಿಸಿ ಪ್ರಯೋಗವೆಲ್ಲವೂ ಅದರ ಮೇಲಾಗಲಿ ಎನ್ನುತ್ತಾರೆ. ತಂದೆಯದನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ, ಮಳೆನೀರು ತಾಕದ ಮೂಲೆಯಲ್ಲಿ ಇಡಿಸುತ್ತಾರೆ.